ಹಸಿರು ವಯರ್ ಎಲ್ಲಿ ಹೋಯಿತು?

(ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ, ಮಳೆಗಾಲಕ್ಕೆ ಮುಂಚೆ ನೀಡಿದ ಮಾಹಿತಿ ಭಾಷಣದ ಬರಹ ರೂಪ)



ಉಳಿತಾಯದ ಲೆಕ್ಕ, ಸಾಲ ಮರುಪಾವತಿ, ಬ್ಯಾಂಕಿನ ವಿಷಯ ಎಲ್ಲ ಮುಗಿದ ಮೇಲೆ ಉಳಿದ ಅರ್ಧ ಗಂಟೆಯನ್ನು ನನಗೆ ಕೊಟ್ಟಿದ್ದೀರಿ. ಇವತ್ತಿನ ವಿಷಯ ಕರೆಂಟು ಅಂದ ಕೂಡಲೇ ಕೆಲವರು ಪಕ್ಕದವರ ಮುಖ ನೋಡಿದಿರಿ. "ಅದು ಗಂಡಸರ ಕೆಲಸ ಅಲ್ವಾ ಸಿಸ್ಟರ್?" ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿಯೂ ಕೇಳಿದರು. ನಾನು ತಿರುಗಿ ಒಂದು ಪ್ರಶ್ನೆ ಕೇಳ್ತೇನೆ. ನಿಮ್ಮ ಮನೆಯಲ್ಲಿ ಗ್ರೈಂಡರ್ ಮುಟ್ಟುವವರು ಯಾರು? ಫ್ರಿಜ್ಜಿನ ಬಾಗಿಲು ದಿನಕ್ಕೆ ಇಪ್ಪತ್ತು ಸಲ ತೆಗೆಯುವವರು ಯಾರು? ಬಾವಿ ಪಂಪಿನ ಸ್ವಿಚ್ಚು ಹಾಕುವವರು, ವಾಷಿಂಗ್ ಮೆಷಿನ್ನಿಗೆ ಒದ್ದೆ ಬಟ್ಟೆ ತುಂಬುವವರು, ಇಸ್ತ್ರಿ ಪೆಟ್ಟಿಗೆ ಹಿಡಿಯುವವರು ಯಾರು? ವಯರಿಂಗ್ ಮಾಡಿಸುವಾಗ ಮಾತಾಡುವವರು ಮನೆಯ ಗಂಡಸರು. ಆ ವಯರಿಂಗಿನ ತುದಿಯನ್ನು ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ದಿನಾ ಮುಟ್ಟುವವರು ನಾವು. ಹಾಗಾಗಿ ಇದು ನಮ್ಮದೇ ವಿಷಯ.

ಎಲ್ಲರೂ ಎಲೆಕ್ಟ್ರಿಷಿಯನ್ ಆಗಬೇಕು ಅಂತ ನಾನು ಹೇಳುವುದಿಲ್ಲ. ಒಂದೇ ಒಂದು ವಯರಿನ ಬಣ್ಣ ಗುರುತಿಸಲಿಕ್ಕೆ, ಅದು ಮನೆಯಲ್ಲಿ ಉಂಟೋ ಇಲ್ಲವೋ ಕೇಳಲಿಕ್ಕೆ ಕಲಿತರೆ ಸಾಕು. ಅದು ಹಸಿರು ವಯರ್, ಅರ್ಥ್ ವಯರ್.

ಮೂರು ವಯರ್, ಮೂರು ಕೆಲಸ

ನನ್ನ ಕೈಯಲ್ಲಿ ಮೂರು ವಯರಿನ ತುಂಡುಗಳಿವೆ, ನೋಡಿ. ಒಂದು ಕೆಂಪು, ಒಂದು ಕಪ್ಪು, ಒಂದು ಹಸಿರು. ನಮ್ಮ ದೇಶದಲ್ಲಿ ಗೋಡೆಯೊಳಗಿನ ವಯರಿಂಗಿಗೆ ಬಹಳ ಕಾಲದಿಂದ ಬಳಕೆಯಲ್ಲಿರುವ ಬಣ್ಣಗಳು ಇವೇ.

ಕೆಂಪು ಫೇಸ್. ಕಂಬದಿಂದ 230 ವೋಲ್ಟಿನ ಕರೆಂಟು ಮನೆಗೆ ಬರುವುದು ಇದರಲ್ಲಿ. ಕಪ್ಪು ನ್ಯೂಟ್ರಲ್. ಬಲ್ಬು ಉರಿಸಿ, ಮೋಟಾರು ತಿರುಗಿಸಿ ಕರೆಂಟು ವಾಪಸು ಹೋಗುವ ದಾರಿ ಇದು. ಇವೆರಡು ಇದ್ದರೆ ಬಲ್ಬು ಉರಿಯುತ್ತದೆ, ಗ್ರೈಂಡರ್ ತಿರುಗುತ್ತದೆ, ಫ್ರಿಜ್ ತಂಪಾಗುತ್ತದೆ. ಹಸಿರು ಇಲ್ಲದಿದ್ದರೂ ಎಲ್ಲ ಕೆಲಸ ನಡೆಯುತ್ತದೆ. ತೊಂದರೆ ಇರುವುದು ಅಲ್ಲೇ. ಫೇಸ್ ಇಲ್ಲದಿದ್ದರೆ ಕೂಡಲೇ ಗೊತ್ತಾಗ್ತದೆ, ಮನೆ ಕತ್ತಲೆ. ಅರ್ಥ್ ಇಲ್ಲದಿದ್ದರೆ ಹತ್ತು ವರ್ಷ ಕಳೆದರೂ ಗೊತ್ತಾಗುವುದಿಲ್ಲ. ಗೊತ್ತಾಗುವ ದಿನ ಯಾರಿಗೋ ಶಾಕ್ ಹೊಡೆದಿರ್ತದೆ.

ಹಸಿರು ವಯರಿನ ಕೆಲಸ ಏನು? ಅದರ ಒಂದು ತುದಿ ಯಂತ್ರದ ಕಬ್ಬಿಣದ ಮೈಗೆ ಸೇರಿರ್ತದೆ. ಇನ್ನೊಂದು ತುದಿ ಸಾಕೆಟ್ಟು, ಮೇನ್ ಬೋರ್ಡು ದಾಟಿ, ಮನೆಯ ಹೊರಗೆ ನೆಲದಲ್ಲಿ ಹೂತ ಕಬ್ಬಿಣದ ಪೈಪಿಗೋ ಪ್ಲೇಟಿಗೋ ಸೇರಿರ್ತದೆ. ಯಂತ್ರ ಸರಿ ಇರುವಾಗ ಅದರಲ್ಲಿ ಕರೆಂಟು ಹರಿಯುವುದೇ ಇಲ್ಲ ಅನ್ನಬಹುದು. ಆದರೆ ಗ್ರೈಂಡರಿನ ಒಳಗೆ ವಯರ್ ಸವೆದು ಫೇಸ್ ಅದರ ಮೈಗೆ ತಾಗಿತು ಅಂತ ಇಟ್ಟುಕೊಳ್ಳಿ. ಹಸಿರು ವಯರ್ ಸರಿಯಾಗಿದ್ದರೆ ಕರೆಂಟು ಅದರ ಮೂಲಕ ಹರಿದು ಹೋಗ್ತದೆ. ಕರೆಂಟು ಹೆಚ್ಚಾಗಿ ಹರಿದ ಕಾರಣ ಫ್ಯೂಸ್ ಹೋಗ್ತದೆ ಅಥವಾ ಎಂಸಿಬಿ ಕೆಳಗೆ ಬೀಳ್ತದೆ. ನಿಮಗೆ ಗ್ರೈಂಡರ್ ನಿಂತದ್ದು ಮಾತ್ರ ಗೊತ್ತಾಗ್ತದೆ. ಹಸಿರು ವಯರ್ ಇಲ್ಲದಿದ್ದರೆ? ಗ್ರೈಂಡರ್ ತಿರುಗ್ತಾನೇ ಇರ್ತದೆ, ಮೈಯಲ್ಲಿ 230 ವೋಲ್ಟ್ ಇಟ್ಟುಕೊಂಡು ಕಾಯ್ತಾ ಇರ್ತದೆ. ನೀವು ಬರಿಗಾಲಲ್ಲಿ ಬಂದು ಕೈ ಇಟ್ಟ ಕೂಡಲೇ ನಿಮ್ಮ ದೇಹವೇ ಅದಕ್ಕೆ ನೆಲಕ್ಕಿಳಿಯುವ ದಾರಿ.

ಮನುಷ್ಯನ ದೇಹಕ್ಕೆ ಎಷ್ಟು ಕರೆಂಟು ಅಪಾಯ ಅಂತ ಗೊತ್ತುಂಟಾ? ಒಂದು ಆಂಪಿಯರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮಿಲಿ ಆಂಪಿಯರ್ ಅಂತಾರೆ. ಹತ್ತು ಮಿಲಿ ಆಂಪಿಯರಿನ ಸುಮಾರಿಗೆ ಕೈಯ ಸ್ನಾಯು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲಿಕ್ಕೆ ಆಗುವುದಿಲ್ಲ. ಮೂವತ್ತು ದಾಟಿದರೆ ಉಸಿರಾಟಕ್ಕೆ ತೊಂದರೆ. ಐವತ್ತು, ನೂರು ಆದರೆ ಹೃದಯದ ಬಡಿತವೇ ತಪ್ಪಬಹುದು. ಒಂದು ಸಣ್ಣ ಬಲ್ಬು ಉರಿಸುವಷ್ಟು ಕರೆಂಟು ಒಂದು ಜೀವ ತೆಗೆಯಲಿಕ್ಕೆ ಸಾಕು. ಅಷ್ಟಕ್ಕೆ ಫ್ಯೂಸ್ ಹೋಗುವುದಿಲ್ಲ.

ನಮ್ಮದೇ ಕುಂದಾಪುರ ತಾಲೂಕಿನ ಹೊಸಂಗಡಿಯಲ್ಲಿ ವಾರಾಹಿ ನದಿಯ ನೀರಿನಿಂದ ಕರೆಂಟು ಮಾಡುವ, ನೆಲದಡಿಯ ವಿದ್ಯುದಾಗಾರ ಉಂಟು, 460 ಮೆಗಾವಾಟಿನದ್ದು. ಅಲ್ಲಿಯ ದೊಡ್ಡ ಯಂತ್ರಗಳಿಂದ ಹಿಡಿದು ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಯ ತನಕ ನಿಯಮ ಒಂದೇ: ಮನುಷ್ಯರ ಕೈ ತಾಗುವ ಲೋಹದ ಮೈ ಭೂಮಿಗೆ ಸೇರಿರಬೇಕು. ಇಂಗ್ಲಿಷಿನಲ್ಲಿ ಅರ್ಥ್ ಅಂದರೆ ಭೂಮಿ. ಅರ್ಥ್ ಇಲ್ಲದ ವಯರಿಂಗಿಗೆ ಅರ್ಥವೇ ಇಲ್ಲ ಅಂತ ನೆನಪಿಟ್ಟುಕೊಳ್ಳಿ, ಮರೆಯುವುದಿಲ್ಲ.

"ಜುಂ" ಅನ್ನುವುದು ಎಚ್ಚರಿಕೆ

ಸಂಘಗಳ ಭೇಟಿಗೆ ಹೋದಾಗ ನಾನು ಎಷ್ಟೋ ಸಲ ಈ ಮಾತು ಕೇಳಿದ್ದೇನೆ. "ಸಿಸ್ಟರ್, ಫ್ರಿಜ್ಜಿಗೆ ಕೈ ತಾಗಿದರೆ ಜುಂ ಅಂತದೆ. ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ." ಮತ್ತೆ ಏನು ಮಾಡಿದಿರಿ ಅಂತ ಕೇಳಿದರೆ, "ಚಪ್ಪಲಿ ಹಾಕಿಕೊಂಡು ತೆಗೆಯಲಿಕ್ಕೆ ಹೇಳಿದ್ದಾರೆ" ಅಂತಾರೆ. ಮನೆಯವರನ್ನು ಕೇಳಿದರೆ, "ಹ್ವಾಯ್, ಎಂತ ಆಪ್ದಿಲ್ಲೆ!" ಅಂತ ನಗ್ತಾರೆ.

ಸಹೋದರಿಯರೇ, ಆ ಜುಂ ಅನ್ನುವುದು ಯಂತ್ರ ನಮಗೆ ಕೊಡುವ ಎಚ್ಚರಿಕೆ. ನನ್ನ ಮೈಯಲ್ಲಿ ಕರೆಂಟು ಸೋರ್ತಾ ಉಂಟು, ಅದು ಹೋಗಲಿಕ್ಕೆ ದಾರಿ ಇಲ್ಲ ಅಂತ ಅದು ಹೇಳುವ ರೀತಿ. ಇವತ್ತು ಸ್ವಲ್ಪ ಸೋರಿಕೆ ಇರಬಹುದು. ನಾಳೆ ವಯರ್ ಪೂರ್ತಿ ಸವೆದರೆ ಅದೇ ಫ್ರಿಜ್ ಬಿಡುವುದಿಲ್ಲ. ಚಪ್ಪಲಿ ಇದಕ್ಕೆ ಮದ್ದಲ್ಲ. ನೀವು ಚಪ್ಪಲಿ ಹಾಕ್ತೀರಿ, ಆದರೆ ಅಂಬೆಗಾಲಿಡುವ ಮಗು ಹಾಕ್ತದಾ? ಶಾಲೆಯಿಂದ ಬಂದು ನೀರಿನ ಬಾಟಲಿಗೆ ಓಡುವ ಹುಡುಗ ಹಾಕ್ತಾನಾ? ಜುಂ ಅಂದ ದಿನವೇ ಸ್ವಿಚ್ಚು ತೆಗೆದು, ಪ್ಲಗ್ಗು ಕಳಚಿ, ವಯರಿಂಗಿನವರನ್ನು ಕರೆಸಬೇಕು.

ಬಣ್ಣದ ಲೆಕ್ಕ ಯಾಕೆ ತಪ್ಪುತ್ತದೆ?

ಈಗ ನಾಲ್ಕನೆಯ ತುಂಡು ನೋಡಿ. ಇದು ಮಿಕ್ಸಿಯೋ ಗ್ರೈಂಡರೋ ಕೊಂಡಾಗ ಅದರ ಜೊತೆ ಬರುವ ವಯರ್. ಹೊರಗೆ ಕಪ್ಪು ಕವಚ, ಒಳಗೆ ಮೂರು ವಯರ್. ಆದರೆ ಬಣ್ಣ ಬೇರೆ: ಕಂದು, ನೀಲಿ, ಮತ್ತೆ ಹಸಿರಿನ ಮೇಲೆ ಹಳದಿ ಪಟ್ಟೆ. ಕಂದು ಅಂದರೆ ಫೇಸ್, ನೀಲಿ ಅಂದರೆ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಅಂದರೆ ಅರ್ಥ್. ಗೋಡೆಯ ಕೆಂಪಿಗೆ ಕಂದು ಸೇರಬೇಕು, ಕಪ್ಪಿಗೆ ನೀಲಿ ಸೇರಬೇಕು, ಹಸಿರಿಗೆ ಹಸಿರು-ಹಳದಿ ಸೇರಬೇಕು. ಎರಡು ಭಾಷೆಯವರು ಒಂದೇ ಮನೆಯಲ್ಲಿ ಇದ್ದ ಹಾಗೆ. ಗೊತ್ತಿದ್ದವರಿಗೆ ಕಷ್ಟ ಇಲ್ಲ, ಗೊತ್ತಿಲ್ಲದವರು ಅಂದಾಜಿನ ಮೇಲೆ ಜೋಡಿಸ್ತಾರೆ.

ಇನ್ನೊಂದು ಗೊಂದಲ ತೋಟದ ಪಂಪಿನದ್ದು. ತೆಂಗು, ಅಡಿಕೆ ತೋಟ ಇರುವವರಲ್ಲಿ ಹಲವರಿಗೆ ತ್ರೀ ಫೇಸ್ ಪಂಪ್ ಉಂಟು. ಅಲ್ಲಿ ಮೂರು ಫೇಸಿಗೆ ಕೆಂಪು, ಹಳದಿ, ನೀಲಿ. ಅಂದರೆ ಅಲ್ಲಿ ಬರೀ ಹಳದಿ ವಯರಿನಲ್ಲೂ ಕರೆಂಟು ಉಂಟು, ನೀಲಿಯಲ್ಲೂ ಉಂಟು. ಗ್ರೈಂಡರಿನ ವಯರಿನಲ್ಲಿ ನೀಲಿ ನ್ಯೂಟ್ರಲ್ ಆದರೆ, ಪಂಪಿನ ಹಳೆಯ ವಯರಿಂಗಿನಲ್ಲಿ ನೀಲಿ ಫೇಸ್. ಹಾಗಾಗಿ "ಹಳದಿ ಕಂಡರೆ ಅರ್ಥ್" ಅಂತ ಯಾರೂ ತಿಳಿಯಬಾರದು. ಹಸಿರು ಇರಬೇಕು, ಅಥವಾ ಹಸಿರು ಮತ್ತು ಹಳದಿ ಎರಡೂ ಒಂದೇ ವಯರಿನ ಮೇಲೆ ಪಟ್ಟೆಯಾಗಿ ಇರಬೇಕು.

ನಮ್ಮ ಊರಿನ ಎಷ್ಟೋ ಮನೆಯವರು ದುಬೈ, ಕುವೈತ್, ಮಸ್ಕತ್‌ನಲ್ಲಿ ದುಡಿಯುತ್ತಾರೆ. ಬರುವಾಗ ಇಸ್ತ್ರಿ ಪೆಟ್ಟಿಗೆ, ಕೆಟಲ್ ತರ್ತಾರೆ. ಅದರ ಪ್ಲಗ್ಗಿಗೆ ಚಪ್ಪಟೆಯ ಮೂರು ಕಾಲು. ನಮ್ಮ ಸಾಕೆಟ್ಟಿಗೆ ಹೋಗುವುದಿಲ್ಲ ಅಂತ ಪ್ಲಗ್ಗನ್ನೇ ಕತ್ತರಿಸಿ, ಇಲ್ಲಿಯ ಎರಡು ಪಿನ್ನಿನ ಪ್ಲಗ್ಗು ಹಾಕ್ತಾರೆ. ಆಗ ಹಸಿರು-ಹಳದಿ ವಯರನ್ನು ಏನು ಮಾಡ್ತಾರೆ? ಮಡಚಿ ಟೇಪು ಸುತ್ತುತ್ತಾರೆ, ಇಲ್ಲ ಬುಡದಲ್ಲೇ ಕತ್ತರಿಸಿ ಬಿಡ್ತಾರೆ. "ಅದು ಎಕ್ಸ್‌ಟ್ರಾ ವಯರ್" ಅಂತ ಅದಕ್ಕೆ ಹೆಸರು!

ಬೇರೆ ದೇಶಗಳಲ್ಲೂ ಈ ಬಣ್ಣಗಳ ಗೊಂದಲ ಇತ್ತು. ಬ್ರಿಟನ್ನಿನಲ್ಲಿ ಮನೆಯ ವಯರಿಂಗಿಗೆ ನಮ್ಮ ಹಾಗೆಯೇ ಕೆಂಪು-ಕಪ್ಪು ಇತ್ತು. 2004ರಿಂದ ಕಂದು-ನೀಲಿಗೆ ಬದಲಾಯಿಸಲಿಕ್ಕೆ ಶುರು ಮಾಡಿ, 2006ರ ಹೊತ್ತಿಗೆ ಕಡ್ಡಾಯ ಮಾಡಿದರು. ಅಮೆರಿಕದಲ್ಲಿ ಕಪ್ಪು ವಯರಿನಲ್ಲೇ ಕರೆಂಟು ಇರುವುದು, ನ್ಯೂಟ್ರಲ್ ಬಿಳಿ. ಜರ್ಮನಿಯಲ್ಲಿ 1960ರ ದಶಕದ ಮಧ್ಯದ ತನಕ ಅರ್ಥ್ ವಯರಿಗೆ ಕೆಂಪು ಬಣ್ಣವೇ ಇತ್ತು. ನಮ್ಮಲ್ಲಿ ಕೆಂಪು ಅಂದರೆ ಮುಟ್ಟಬೇಡಿ, ಅಲ್ಲಿ ಕೆಂಪು ಅಂದರೆ ರಕ್ಷಣೆ. ಇಂಥ ಗೊಂದಲದಿಂದ ಅನಾಹುತ ಆಗಬಾರದು ಅಂತಲೇ ಹಸಿರು-ಹಳದಿ ಪಟ್ಟೆಯನ್ನು ಅರ್ಥಿಗೆ ಮಾತ್ರ ಮೀಸಲಿಟ್ಟದ್ದು. ಕೆಲವು ಗಂಡಸರಿಗೆ ಹುಟ್ಟಿನಿಂದಲೇ ಕೆಂಪು-ಹಸಿರಿನ ವ್ಯತ್ಯಾಸ ಕಾಣುವುದಿಲ್ಲ. ಎರಡು ಬಣ್ಣದ ಪಟ್ಟೆ ಆದರೆ ಅಂಥವರಿಗೂ, ಮಬ್ಬು ಬೆಳಕಿನಲ್ಲೂ ಗುರುತು ಸಿಕ್ಕುತ್ತದೆ. ಹೊಸ ವಯರಿಂಗ್ ಮಾಡಿಸುವವರು ಬರೀ ಹಸಿರಿಗಿಂತ ಹಸಿರು-ಹಳದಿ ಪಟ್ಟೆಯದ್ದನ್ನೇ ಕೇಳಿ ತರಿಸಿದರೆ ಒಳ್ಳೆಯದು.

ಇಲ್ಲಿ ಇನ್ನೊಂದು ಎಚ್ಚರ. ಕ್ರಿಸ್ಮಸ್ ಗೋದಲಿಗೆ, ದೀಪಾವಳಿಗೆ, ಜಾತ್ರೆಗೆ ಕಟ್ಟುವ ಸೀರಿಯಲ್ ಲೈಟಿನ ವಯರೂ ಹಸಿರು ಇರ್ತದೆ. ಎಲೆಗಳ ನಡುವೆ ಕಾಣಬಾರದು ಅಂತ ಆ ಬಣ್ಣ. ಅದರೊಳಗೆ ಕರೆಂಟು ಉಂಟು. ಹಸಿರು ಉಂಟಲ್ಲ, ಮುಟ್ಟಬಹುದು ಅಂತ ಮಕ್ಕಳಿಗೆ ಹೇಳಿಬಿಡಬೇಡಿ. ಯಾವ ಬಣ್ಣದ ವಯರನ್ನೂ ಮೇನ್ ಸ್ವಿಚ್ಚು ತೆಗೆಯದೆ ಮುಟ್ಟಬಾರದು. ಬಣ್ಣ ಇರುವುದು ಕೇಳಿ ತಿಳಿಯಲಿಕ್ಕೆ, ಮುಟ್ಟಿ ನೋಡಲಿಕ್ಕೆ ಅಲ್ಲ.

ಹಳೆಯ ಮನೆಗಳಲ್ಲಿ ಬಣ್ಣವನ್ನು ನಂಬಬೇಡಿ

ನಮ್ಮ ಕಡೆ ಮುರಕಲ್ಲಿನ ಗೋಡೆ, ಹಂಚಿನ ಮಾಡಿನ ಮನೆಗಳು ಇನ್ನೂ ಬಹಳ. ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ವಯರ್ ಎಳೆದದ್ದು. ಅಂಥ ಕಡೆ ಅರ್ಥಿಗೆ ಬಣ್ಣವೇ ಇಲ್ಲದೆ, ಬರೀ ತಂತಿಯನ್ನೇ ಪಟ್ಟಿಯ ಮೇಲೆ ಎಳೆಯುವ ಕ್ರಮವೂ ಇತ್ತು. ಆ ತಂತಿ ತುಂಡಾಗಿದ್ದರೆ, "ಇದೆಂತ ಬರೀ ತಂತಿ ನೇತಾಡ್ತದೆ" ಅಂತ ಕಿತ್ತು ಬಿಸಾಡಿದ ಮನೆಗಳೂ ಉಂಟು.

ಬಡವರ ಮನೆಗೆ ಒಂದು ದೀಪ ಕೊಡುವ ಭಾಗ್ಯಜ್ಯೋತಿ ಯೋಜನೆ ಕರ್ನಾಟಕದಲ್ಲಿ ಶುರುವಾದದ್ದು 1979ರ ಹೊತ್ತಿಗೆ. ಆಗ ಮನೆಗೆ ಇದ್ದದ್ದು ಒಂದೇ ಬಲ್ಬು. ಒಂದು ಬಲ್ಬಿಗೆ ಎರಡು ವಯರ್ ಸಾಕಿತ್ತು. ಮಕ್ಕಳು ದೊಡ್ಡವರಾದರು, ಫ್ಯಾನ್ ಬಂತು, ಟಿ.ವಿ. ಬಂತು, ಮಿಕ್ಸಿ ಬಂತು. 2023ರಲ್ಲಿ ಗೃಹಜ್ಯೋತಿ ಬಂದು ಬಿಲ್ಲಿನ ಹೆದರಿಕೆ ಕಡಿಮೆಯಾದ ಮೇಲೆ ಫ್ರಿಜ್, ವಾಷಿಂಗ್ ಮೆಷಿನ್ ಕೂಡ ಬಂತು. ಸಂತೋಷವೇ. ಆದರೆ ಎಷ್ಟೋ ಮನೆಗಳಲ್ಲಿ ಇವೆಲ್ಲ ನಿಂತಿರುವುದು ಆ ಹಳೆಯ ಬಲ್ಬಿನ ಎರಡು ವಯರಿನಿಂದ ಎಳೆದ ಕನೆಕ್ಷನಿನ ಮೇಲೆ. ಮೂರನೆಯ ವಯರ್ ಬರಲೇ ಇಲ್ಲ.

ಇನ್ನು ಬಣ್ಣ ಮಾಸುವ ವಿಷಯ. ಬಚ್ಚಲು ಒಲೆಯ ಹೊಗೆ, ಅಡುಗೆ ಮನೆಯ ಎಣ್ಣೆ ಜಿಡ್ಡು ಕೂತು ಕೆಂಪು, ಹಸಿರು, ಕಪ್ಪು ಎಲ್ಲವೂ ಒಂದೇ ಆಗಿರ್ತದೆ. ಸುಣ್ಣ ಬಳಿಯುವಾಗ ವಯರಿಗೂ ಬಳಿದಿರ್ತಾರೆ. ಅಟ್ಟದಲ್ಲಿ ಇಲಿ ಕಡಿದು ಬಣ್ಣದ ಪ್ಲಾಸ್ಟಿಕ್ಕೇ ಇರುವುದಿಲ್ಲ. ಇನ್ನು ಕೆಲವರು ವಯರಿಂಗ್ ಮಾಡುವಾಗ ಕೆಂಪು ಮುಗಿಯಿತು ಅಂತ ಉಳಿದ ಹಸಿರು ವಯರನ್ನೇ ಫೇಸಿಗೆ ಹಾಕಿರ್ತಾರೆ. ಮಾಡಿದವರಿಗೆ ಆ ದಿನ ನೆನಪಿರ್ತದೆ. ಐದು ವರ್ಷದ ನಂತರ ರಿಪೇರಿಗೆ ಬರುವ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಅವನು ಹಸಿರು ಅಂದರೆ ಅರ್ಥ್ ಅಂತ ನಂಬಿ ಅದನ್ನು ನಿಮ್ಮ ಪಂಪಿನ ಮೈಗೆ ಸೇರಿಸಿದರೆ, ಸ್ವಿಚ್ಚು ಹಾಕಿದ ಕೂಡಲೇ ಪಂಪಿನ ಮೈಗೆ ಪೂರ್ತಿ ಕರೆಂಟು. ಒಬ್ಬರು ವಯರ್ ಉಳಿಸಿದ್ದಕ್ಕೆ ಇನ್ನೊಬ್ಬರು ಜೀವ ಕೊಡಬೇಕಾಗ್ತದೆ. ಬಣ್ಣದ ನಿಯಮ ಅನ್ನುವುದು ಮುಂದೆ ಬರುವ, ನಾವು ನೋಡದ ಒಬ್ಬ ಕೆಲಸಗಾರನಿಗೆ ನಾವು ಬರೆದಿಟ್ಟ ಚೀಟಿ ಇದ್ದ ಹಾಗೆ. ಅದರಲ್ಲಿ ಸುಳ್ಳು ಬರೆಯಬಾರದು.

ನಮ್ಮ ಮನೆಗಳಲ್ಲಿ ಕಾಣುವ ನಾಲ್ಕು ತಪ್ಪುಗಳು

1. ದಪ್ಪ ಪಿನ್ ಮುರಿಯುವುದು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ ಉದ್ದ ಮತ್ತು ದಪ್ಪ ಇರುವುದು ಯಾಕೆ? ಅದು ಅರ್ಥ್ ಪಿನ್. ಪ್ಲಗ್ಗು ಒಳಗೆ ಹೋಗುವಾಗ ಅದು ಮೊದಲು ಸೇರಬೇಕು, ಹೊರಗೆ ಬರುವಾಗ ಕೊನೆಗೆ ಬಿಡಬೇಕು. ಯಂತ್ರಕ್ಕೆ ಕರೆಂಟು ಇರುವಷ್ಟು ಹೊತ್ತೂ ಅರ್ಥ್ ಇರಲಿ ಅಂತ ಹಾಗೆ ಮಾಡಿದ್ದು. ಅದನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕುವುದು, ಎರಡು ಪಿನ್ನಿನ ಅಡಾಪ್ಟರ್ ಹಾಕುವುದು, ಎರಡೂ ಒಂದೇ ತಪ್ಪು.

2. ಎರಡು ವಯರಿನ ಎಕ್ಸ್‌ಟೆನ್ಷನ್ ಬಾಕ್ಸ್. ಸಂತೆಯಲ್ಲಿ, ಜಾತ್ರೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಎಷ್ಟೋ ಬಾಕ್ಸುಗಳಿಗೆ ಮೂರು ತೂತು ಇರ್ತದೆ, ಒಳಗೆ ಎರಡೇ ವಯರ್. ಮೇಲಿನ ತೂತು ಬರೀ ಚೆಂದಕ್ಕೆ. ಅಂಥದ್ದಕ್ಕೆ ಫ್ರಿಜ್, ಗ್ರೈಂಡರ್ ಹಾಕಬಾರದು. ಅಂಗಡಿಯಲ್ಲಿ "ತ್ರೀ ಕೋರ್ ವಯರ್ ಉಂಟಾ?" ಅಂತ ಕೇಳಿ, ಐಎಸ್ಐ ಗುರುತು ನೋಡಿ ತನ್ನಿ.

3. ಸಾಕೆಟ್ಟಿನಲ್ಲಿ ನ್ಯೂಟ್ರಲ್ಲನ್ನೂ ಅರ್ಥನ್ನೂ ಒಂದು ತುಂಡು ವಯರಿನಿಂದ ಸೇರಿಸುವುದು. ಅರ್ಥ್ ವಯರ್ ಎಳೆಯುವ ಖರ್ಚು ಉಳಿಸಲಿಕ್ಕೆ ಕೆಲವರು ಹೀಗೆ ಮಾಡ್ತಾರೆ. ಮೇಲ್ನೋಟಕ್ಕೆ ಎಲ್ಲ ಸರಿ. ಆದರೆ ನ್ಯೂಟ್ರಲ್ ವಯರ್ ಎಲ್ಲಾದರೂ ತುಂಡಾದರೆ, ಅಥವಾ ಫೇಸ್-ನ್ಯೂಟ್ರಲ್ ಅದಲು ಬದಲಾದರೆ, ಯಂತ್ರದ ಮೈಗೆ ನೇರ ಕರೆಂಟು ಬರ್ತದೆ. ಅರ್ಥ್ ಇಲ್ಲದ್ದಕ್ಕಿಂತಲೂ ಇದು ಅಪಾಯ.

4. ಅರ್ಥ್ ವಯರನ್ನು ನ್ಯೂಟ್ರಲ್ ಹಾಗೆ ಬಳಸಿ ಬಲ್ಬು ಉರಿಸುವುದು, ಇಲ್ಲವಾದರೆ ಅರ್ಥನ್ನು ನೀರಿನ ಪೈಪಿಗೆ ಕಟ್ಟುವುದು. ಮೊದಲನೆಯದರಲ್ಲಿ ಕರೆಂಟು ಹರಿಯಬಾರದ ವಯರಿನಲ್ಲಿ ದಿನಾ ಕರೆಂಟು ಹರಿಯುತ್ತದೆ. ಎರಡನೆಯದರಲ್ಲಿ ಪೈಪು ಈಗ ಹೆಚ್ಚಾಗಿ ಪ್ಲಾಸ್ಟಿಕ್ ಆದ ಕಾರಣ ಅರ್ಥ್ ನೆಲಕ್ಕೆ ಮುಟ್ಟುವುದೇ ಇಲ್ಲ. ಮಧ್ಯದಲ್ಲಿ ಕಬ್ಬಿಣದ ನಲ್ಲಿ ಇದ್ದರೆ ಸ್ನಾನಕ್ಕೆ ಹೋದವರಿಗೆ ಶಾಕ್.

ಎಲ್ಲ ಸಾಮಾನಿಗೂ ಅರ್ಥ್ ಬೇಕು ಅಂತ ಇಲ್ಲ. ಮೊಬೈಲ್ ಚಾರ್ಜರ್, ಕೆಲವು ಟಿ.ವಿ.ಗಳ ಹಿಂದೆ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಇರ್ತದೆ. ಅಂದರೆ ಅದರೊಳಗೆ ಎರಡು ಪದರದ ರಕ್ಷಣೆ ಉಂಟು, ಅರ್ಥ್ ಬೇಡ. ಆ ಗುರುತು ಇಲ್ಲದೆ, ಮೂರು ಪಿನ್ ಇರುವ ಲೋಹದ ಸಾಮಾನಿಗೆ ಅರ್ಥ್ ಬೇಕೇ ಬೇಕು. ಗೀಸರ್, ಬಾವಿ ಪಂಪ್, ವಾಷಿಂಗ್ ಮೆಷಿನ್, ಗ್ರೈಂಡರ್, ಫ್ರಿಜ್, ಇಸ್ತ್ರಿ ಪೆಟ್ಟಿಗೆ, ಇವನ್ನು ಮೊದಲು ನೋಡಿ.

ಹಸಿರು ವಯರಿನ ಇನ್ನೊಂದು ತುದಿ

ಸಾಕೆಟ್ಟಿನಲ್ಲಿ ಹಸಿರು ವಯರ್ ಕಂಡಿತು ಅಂತ ಸಮಾಧಾನ ಪಡಬಾರದು. ಅದು ಎಲ್ಲಿಗೆ ಹೋಗ್ತದೆ ಅಂತ ನೋಡಬೇಕು. ಮನೆಯ ಗೋಡೆಯಿಂದ ಸುಮಾರು ಒಂದೂವರೆ ಮೀಟರ್ ದೂರದಲ್ಲಿ ಹೊಂಡ ತೆಗೆದು, ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪ್ ಅಥವಾ ಲೋಹದ ಪ್ಲೇಟ್ ಹೂತು, ಸುತ್ತ ಇದ್ದಿಲು-ಉಪ್ಪು ತುಂಬಿಸಿ ಅರ್ಥ್ ಮಾಡುವುದು ನಮ್ಮಲ್ಲಿ ರೂಢಿ. ಹಲವರ ಮನೆಯಲ್ಲಿ ಈ ಹೊಂಡ ಎಲ್ಲಿ ಉಂಟು ಅಂತಲೇ ಯಾರಿಗೂ ಗೊತ್ತಿಲ್ಲ. ಅಂಗಳಕ್ಕೆ ಇಂಟರ್‌ಲಾಕ್ ಹಾಕುವಾಗ ಮುಚ್ಚಿ ಹೋಗಿರ್ತದೆ. ಇನ್ನು ಕೆಲವು ಕಡೆ ಒಂದು ಗೇಣಿನ ಸರಳನ್ನು ಹೂವಿನ ಕುಂಡದ ಹತ್ತಿರ ಚುಚ್ಚಿ ಅದನ್ನೇ ಅರ್ಥ್ ಅಂದಿರ್ತಾರೆ.

ನಮ್ಮ ಊರಿಗೆ ಎರಡು ವಿಶೇಷ ತೊಂದರೆ ಉಂಟು. ಒಂದು, ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ನೀರು ತುಂಬಿರ್ತದೆ, ಆದರೆ ಜನವರಿ ಕಳೆದ ಮೇಲೆ ಒಣಗಿ ಕಲ್ಲಾಗ್ತದೆ. ಒಣಗಿದ ನೆಲ ಕರೆಂಟನ್ನು ಸುಲಭದಲ್ಲಿ ಒಳಗೆ ಬಿಡುವುದಿಲ್ಲ. ಹಾಗಾಗಿ ಬೇಸಗೆಯಲ್ಲಿ ವಾರಕ್ಕೆ ಒಂದೆರಡು ಸಲ ಅರ್ಥ್ ಹೊಂಡಕ್ಕೆ ಒಂದು ಕೊಡಪಾನ ನೀರು ಹಾಕಬೇಕು. ತುಳಸಿ ಗಿಡಕ್ಕೋ ಮಲ್ಲಿಗೆಗೋ ನೀರು ಹಾಕುವಾಗ ಇದಕ್ಕೂ ಹಾಕಿದರಾಯಿತು. ಎರಡು, ಸಮುದ್ರದ ಉಪ್ಪು ಗಾಳಿ. ಗಂಗೊಳ್ಳಿ, ಕೋಡಿ, ಮರವಂತೆ, ಶಿರೂರು ಕಡೆಯವರಿಗೆ ಗೊತ್ತು, ಕಿಟಕಿಯ ಸರಳೇ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಅಂತ. ಅರ್ಥ್ ಪೈಪಿಗೆ ತಂತಿ ಕಟ್ಟಿದ ಬೋಲ್ಟೂ ಹಾಗೆಯೇ ತಿಂದು ಹೋಗ್ತದೆ. ಹೊರಗಿನಿಂದ ಪೈಪು ಇದ್ದ ಹಾಗೆ ಕಾಣ್ತದೆ, ಒಳಗೆ ಸಂಪರ್ಕ ಇರುವುದಿಲ್ಲ. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಆ ಬೋಲ್ಟು ಬಿಚ್ಚಿ ಉಜ್ಜಿ ಬಿಗಿ ಮಾಡಿಸಬೇಕು. ಇದನ್ನು ಗೊತ್ತಿದ್ದವರಿಂದ, ಮೇನ್ ಸ್ವಿಚ್ಚು ತೆಗೆದು ಮಾಡಿಸಿ.

ಅರ್ಥ್ ಜೊತೆಗೆ ಇನ್ನೊಬ್ಬ ಕಾವಲುಗಾರ

ಅರ್ಥ್ ಹೊಂಡ ಸ್ವಲ್ಪ ದುರ್ಬಲ ಆದರೆ ಏನಾಗ್ತದೆ? ಉದಾಹರಣೆಗೆ ನೆಲದ ತಡೆ 20 ಓಮ್ ಇದ್ದರೆ, 230 ವೋಲ್ಟಿನಲ್ಲಿ ಹನ್ನೊಂದೂವರೆ ಆಂಪಿಯರ್ ಮಾತ್ರ ಹರಿಯುತ್ತದೆ. 16 ಆಂಪಿಯರಿನ ಎಂಸಿಬಿ ಅಷ್ಟಕ್ಕೆ ಬೀಳುವುದಿಲ್ಲ. ಅರ್ಥ್ ಇದ್ದೂ ಯಂತ್ರದ ಮೈಯಲ್ಲಿ ಕರೆಂಟು ಉಳಿಯಿತು. ಇದಕ್ಕಾಗಿ ಆರ್‌ಸಿಸಿಬಿ ಅಂತ ಒಂದು ಸಾಧನ ಉಂಟು. ಮೇನ್ ಬೋರ್ಡಿನಲ್ಲಿ ಹಾಕುವುದು. ಫೇಸಿನಲ್ಲಿ ಹೋದ ಕರೆಂಟೂ ನ್ಯೂಟ್ರಲ್ಲಿನಲ್ಲಿ ಬಂದ ಕರೆಂಟೂ ಸಮ ಉಂಟಾ ಅಂತ ಅದು ಯಾವಾಗಲೂ ಲೆಕ್ಕ ನೋಡ್ತಾ ಇರ್ತದೆ, ನಮ್ಮ ಸಂಘದ ಲೆಕ್ಕ ಪುಸ್ತಕದ ಹಾಗೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವುದರೊಳಗೆ ಮನೆಯ ಕರೆಂಟನ್ನೇ ತೆಗೆಯುತ್ತದೆ. ಅದರ ಮೇಲೆ "ಟಿ" ಅಂತ ಬರೆದ ಸಣ್ಣ ಗುಂಡಿ ಉಂಟು. ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಅದು ಕೆಟ್ಟಿದೆ. ಆಗಾಗ ಬೀಳ್ತದೆ ಅಂತ ಬೈಪಾಸ್ ಮಾಡಿಸುವವರು ಇದ್ದಾರೆ. ಬಾಗಿಲಲ್ಲಿ ನಾಯಿ ಬೊಗಳ್ತದೆ ಅಂತ ನಾಯಿಯನ್ನೇ ಓಡಿಸಿದ ಹಾಗೆ ಅದು. ಯಾಕೆ ಬೀಳ್ತದೆ ಅಂತ ಹುಡುಕಿಸಬೇಕು. ಆರ್‌ಸಿಸಿಬಿ ಇದ್ದರೆ ಹಸಿರು ವಯರ್ ಬೇಡ ಅಂತಲೂ ಅಲ್ಲ, ಎರಡೂ ಬೇಕು.

ವಯರಿಂಗಿನವರನ್ನು ಏನು ಕೇಳಬೇಕು?

ಪರವಾನಿಗೆ ಇರುವವರಿಂದಲೇ ಕೆಲಸ ಮಾಡಿಸಿ. ಕೆಲಸ ಮುಗಿದ ಮೇಲೆ ಚಹಾ ಕೊಡುವಾಗ ನಿಧಾನದಲ್ಲಿ ಈ ಐದು ಪ್ರಶ್ನೆ ಕೇಳಿ. ಇದರಲ್ಲಿ ನಾಚಿಕೆ ಬೇಡ. ಒಳ್ಳೆಯ ಕೆಲಸಗಾರರಿಗೆ ಕೇಳಿದರೆ ಸಂತೋಷವೇ ಆಗ್ತದೆ.

ಅಣ್ಣ, ಅರ್ಥಿಗೆ ಯಾವ ಬಣ್ಣದ ವಯರ್ ಹಾಕಿದ್ದೀರಿ? ತೋರಿಸಿ.
ಎಲ್ಲ ಮೂರು ಪಿನ್ನಿನ ಸಾಕೆಟ್ಟಿಗೂ ಹಸಿರು ವಯರ್ ಬಂದಿದೆಯಾ?
ಸ್ವಿಚ್ಚು ಫೇಸಿನಲ್ಲೇ ಉಂಟಾ, ನ್ಯೂಟ್ರಲ್ಲಿನಲ್ಲಿ ಹಾಕಿಲ್ಲ ಅಲ್ವಾ?
ಅರ್ಥ್ ಹೊಂಡ ಎಲ್ಲಿ? ಅದರ ತಡೆ ಅಳೆದಿದ್ದೀರಾ?
ಆರ್‌ಸಿಸಿಬಿ ಹಾಕಿದ್ದೀರಾ? ನನ್ನ ಎದುರು ಗುಂಡಿ ಒತ್ತಿ ತೋರಿಸ್ತೀರಾ?

ಸಾಕೆಟ್ಟನ್ನು ಎದುರಿನಿಂದ ನೋಡಿದರೆ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆಯದ್ದು ಫೇಸ್, ಎಡಗಡೆಯದ್ದು ನ್ಯೂಟ್ರಲ್. ಟೆಸ್ಟರ್ ಇಟ್ಟು ನೋಡುವ ಕೆಲಸವನ್ನು ಅವರಿಂದಲೇ ಮಾಡಿಸಿ. ಬಲಗಡೆ ಮಾತ್ರ ಬೆಳಕು ಬರಬೇಕು. ಮೇಲಿನ ತೂತಿನಲ್ಲಿ ಬೆಳಕು ಬಂದರೆ ಆ ಸಾಕೆಟ್ಟನ್ನು ಬಳಸಲೇಬಾರದು. ಆದರೆ ಮೇಲೆ ಬೆಳಕು ಬರಲಿಲ್ಲ ಅಂದ ಮಾತ್ರಕ್ಕೆ ಅರ್ಥ್ ಸರಿ ಉಂಟು ಅಂತ ಆಗುವುದಿಲ್ಲ. ವಯರೇ ಇಲ್ಲದಿದ್ದರೂ ಟೆಸ್ಟರ್ ಬೆಳಗುವುದಿಲ್ಲ. ಅದಕ್ಕೇ ಅಳೆಯುವ ಸಾಧನದಿಂದ ನೋಡಿಸಬೇಕು.

ಸಂಘಗಳು ಏನು ಮಾಡಬಹುದು?

ನಮ್ಮ ಸಂಘಗಳಿಂದ ಗ್ರೈಂಡರಿಗೆ, ಹೊಲಿಗೆ ಯಂತ್ರದ ಮೋಟಾರಿಗೆ, ಫ್ರಿಜ್ಜಿಗೆ, ಪಂಪಿಗೆ ಸಾಲ ಕೊಡ್ತೇವೆ. ಸಾಲ ಕೊಡುವಾಗ ಯಾಕೆ, ಎಷ್ಟು, ಎಷ್ಟು ಕಂತು, ಜಾಮೀನು ಯಾರು ಅಂತೆಲ್ಲ ಕೇಳ್ತೇವೆ. ಇನ್ನು ಮುಂದೆ ಇನ್ನೊಂದು ಪ್ರಶ್ನೆ ಸೇರಿಸೋಣ: "ಅದನ್ನು ಇಡುವ ಜಾಗದಲ್ಲಿ ಅರ್ಥ್ ಇರುವ ಸಾಕೆಟ್ಟು ಉಂಟಾ?" ಇಲ್ಲದಿದ್ದರೆ ಸಾಲ ನಿಲ್ಲಿಸುವುದು ಬೇಡ. ಸಾಲದ ಮೊತ್ತದಲ್ಲೇ ಅರ್ಥಿಂಗಿನ ಖರ್ಚನ್ನೂ ಸೇರಿಸಿ ಕೊಡೋಣ. ಯಂತ್ರದ ಬೆಲೆಯ ಎದುರು ಒಂದು ಹಸಿರು ವಯರಿನ ಬೆಲೆ ಎಷ್ಟು? ಹಿಟ್ಟು ರುಬ್ಬಿ ಮಾರಿ ಸಂಸಾರ ನಡೆಸಲಿಕ್ಕೆ ಅಂತ ಕೊಟ್ಟ ಸಾಲದಿಂದಲೇ ಆ ಮನೆಯ ಅಮ್ಮನಿಗೆ ಅಪಾಯ ಆದರೆ, ಕಂತು ಕಟ್ಟಿ ಮುಗಿದರೂ ನಮ್ಮ ಲೆಕ್ಕ ಮುಗಿಯುವುದಿಲ್ಲ.

ಎರಡನೆಯದು, ಒಂದು ವಠಾರದ ಹತ್ತು ಮನೆಯವರು ಸೇರಿ ಒಂದೇ ದಿನ ಒಬ್ಬ ಪರವಾನಿಗೆದಾರ ಎಲೆಕ್ಟ್ರಿಷಿಯನ್ನನ್ನು ಕರೆಸಿ ಎಲ್ಲರ ಮನೆಯ ಅರ್ಥ್ ನೋಡಿಸಿದರೆ ಖರ್ಚು ಹಂಚಿ ಹೋಗ್ತದೆ. ಒಂಟಿ ಹೆಂಗಸರು, ವಯಸ್ಸಾದವರು ಇರುವ ಮನೆಗಳನ್ನು ಮೊದಲು ನೋಡಿಸಿ.

ಯಾರಿಗಾದರೂ ಶಾಕ್ ಹೊಡೆದರೆ

ಓಡಿ ಹೋಗಿ ಹಿಡಿಯಬೇಡಿ. ಹಿಡಿದರೆ ಇಬ್ಬರೂ ಸಿಕ್ಕಿಕೊಳ್ತೀರಿ. ಮೊದಲು ಮೇನ್ ಸ್ವಿಚ್ಚು ತೆಗೆಯಿರಿ. ಮೇನ್ ಸ್ವಿಚ್ಚು ಎಲ್ಲಿ ಉಂಟು ಅಂತ ಮನೆಯ ಮಕ್ಕಳಿಗೂ ಗೊತ್ತಿರಲಿ. ಅದು ಆಗದಿದ್ದರೆ ಒಣ ಕಟ್ಟಿಗೆಯಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ದೂಡಿ ಬಿಡಿಸಿ, ನೀವು ಒಣ ಜಾಗದಲ್ಲಿ ನಿಂತಿರಬೇಕು. ಕೂಡಲೇ 108ಕ್ಕೆ ಫೋನ್ ಮಾಡಿಸಿ. ಉಸಿರಾಟ ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ಗಟ್ಟಿಯಾಗಿ, ನಿಮಿಷಕ್ಕೆ 100ರಿಂದ 120 ಸಲದ ಹಾಗೆ ಒತ್ತುತ್ತಾ ಇರಿ, ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಎದ್ದು ಕೂತು ಮಾತಾಡಿದರೂ ಒಮ್ಮೆ ಆಸ್ಪತ್ರೆಗೆ ತೋರಿಸಿ. ಮಳೆಗಾಳಿಗೆ ಲೈನ್ ತುಂಡಾಗಿ ಬಿದ್ದಿದ್ದರೆ ಹತ್ತಿರ ಹೋಗದೆ ಮೆಸ್ಕಾಂನ 1912ಕ್ಕೆ ತಿಳಿಸಿ.

ಸಹೋದರಿಯರೇ, ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಯಾವ ವಯರನ್ನೂ ಬಿಚ್ಚಬೇಡಿ, ಮುಟ್ಟಬೇಡಿ. ಕಣ್ಣಿನಿಂದ ಮಾತ್ರ ನೋಡಿ. ಫ್ರಿಜ್ಜಿನ ಪ್ಲಗ್ಗಿಗೆ ಮೂರು ಪಿನ್ ಉಂಟಾ? ಅದು ಮೂರು ತೂತಿನ ಸಾಕೆಟ್ಟಿಗೇ ಹೋಗಿದೆಯಾ, ಮಧ್ಯದಲ್ಲಿ ಅಡಾಪ್ಟರ್ ಉಂಟಾ? ಮೇನ್ ಬೋರ್ಡಿನಿಂದ ಹಸಿರು ವಯರೋ ಬರೀ ತಂತಿಯೋ ಹೊರಗೆ ಹೋಗಿ ನೆಲಕ್ಕೆ ಇಳಿದಿದೆಯಾ? ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದು ಮುಂದಿನ ವಾರದ ಸಭೆಗೆ ತನ್ನಿ. ಓದು ಬಾರದವರು ಮಕ್ಕಳಿಂದ ಬರೆಸಿ. ಸಂಘದ ನಿರ್ಣಯ ಪುಸ್ತಕದಲ್ಲಿ ಎಷ್ಟು ಮನೆಗೆ ಅರ್ಥ್ ಉಂಟು, ಎಷ್ಟು ಮನೆಗೆ ಇಲ್ಲ ಅಂತ ದಾಖಲಿಸೋಣ. ಇಲ್ಲದ ಮನೆಗಳ ಕೆಲಸ ಮಳೆ ಹಿಡಿಯುವ ಮೊದಲು ಮುಗಿಯಬೇಕು.

 ಈ ವಯರಿನ ತುಂಡುಗಳನ್ನು ಇಲ್ಲೇ ಮೇಜಿನ ಮೇಲೆ ಇಡ್ತೇನೆ, ಕರೆಂಟು ಇಲ್ಲದ್ದು, ಧೈರ್ಯದಿಂದ ಕೈಯಲ್ಲಿ ಹಿಡಿದು ಬಣ್ಣ ನೋಡಿಕೊಂಡು ಹೋಗಿ.